ಅಧ್ಯಾತ್ಮಸಾಧನೆಯಲ್ಲಿ ಗುರುವಿನ ಸ್ಥಾನ



ವೀಣೆಯನ್ನು ಕಲಿಯಬೇಕೆಂಬ ಆಸೆಯುಳ್ಳವನು ವೈಣಿಕನ ಮನೆಯನ್ನು ಹುಡುಕಿಕೊಂಡು ಹೋಗುತ್ತಾನೆ. ಈಜನ್ನು ಕಲಿಯಬೇಕೆನ್ನುವವನು ಈಜು ಬಲ್ಲವನೊಬ್ಬನು ಹತ್ತಿರದಲ್ಲಿರುವನೇ ಎಂದು ನೋಡಿಕೊಂಡು ನೀರಿಗಿಳಿಯುತ್ತಾನೆ. ಅಕ್ಕಸಾಲಿಯ ಮಗನು ಸಹ ತಂದೆಯ ಪಕ್ಕದಲ್ಲಿ ವರ್ಷಗಟ್ಟಲೆ ಕುಳಿತು, ಅಗ್ಗಿಷ್ಟಿಕೆಯ ಕೆಂಡವನ್ನು ಊದಿದ ಬಳಿಕವೇ ಚಿನ್ನವನ್ನು ಮುಟ್ಟುತ್ತಾನೆ. ಇವುಗಳಲ್ಲಿ ಯಾವುದನ್ನಾದರೂ ಪುಸ್ತಕದಿಂದಲೇ ಕಲಿತುಬಿಡಬಹುದೆಂದು ವಾದಿಸುವವರು ವಿರಳ. ಆದರೆ ತನ್ನನ್ನು ತಾನು ಅರಿಯುವುದು, ಮನಸ್ಸನ್ನು ತಿದ್ದಿಕೊಳ್ಳುವುದು, ದೈವವನ್ನು ಅರಸುವುದು ಎಂಬ ಅತ್ಯಂತ ಕಠಿಣವಾದ ವಿದ್ಯೆಯ ಪ್ರಸ್ತಾಪ ಬಂದೊಡನೆ, ವಿದ್ಯಾವಂತರಾದ ನಮ್ಮಲ್ಲಿ ಎರಡು ಪಕ್ಷಗಳಾಗುತ್ತವೆ.

ಇದು ನಮ್ಮ ನಮ್ಮ ಅಂತರಂಗಕ್ಕೆ ಸೇರಿದ ವಿಷಯ, ಓದುವುದಕ್ಕೆ ಗ್ರಂಥಗಳುಂಟು, ವಿಚಾರಮಾಡುವುದಕ್ಕೆ ಬುದ್ಧಿಯುಂಟು, ನಡುವೆ ಮತ್ತೊಬ್ಬನೇಕೆ? ಎಂಬುದು ಮೊದಲನೆಯ ಪಕ್ಷದವರ ಮಾತು. ಗುರುವೊಬ್ಬನು ದೊರೆತರೆ ಸಾಕು; ಭಾರವೆಲ್ಲವನ್ನೂ ಆತನ ಪಾದದಲ್ಲಿಳಿಸಿ ನಾವು ನಿಶ್ಚಿಂತರಾಗಿರಬಹುದು ಎಂಬುದು ಎರಡನೆಯ ಪಕ್ಷದವರ ನಂಬಿಕೆ. ಹೊರನೋಟಕ್ಕೆ ಇವು ಪರಸ್ಪರ ವಿರುದ್ಧವಾಗಿ ಕಂಡರೂ ಎರಡಕ್ಕೂ ಬೇರು ಒಂದೇ. ದಾರಿಯನ್ನು ತೋರಿಸುವುದು ಬೇರೆ, ದಾರಿಯಲ್ಲಿ ನಡೆಯುವುದು ಬೇರೆ ಎಂಬುದನ್ನು ಇಬ್ಬರೂ ಮರೆತಿದ್ದಾರೆ. ನಡೆಯಬೇಕಾದವನು ನಾನಾದುದರಿಂದ ತೋರಿಸುವವನು ಬೇಡವೆಂದು ಒಬ್ಬನು ಹೇಳುತ್ತಾನೆ. ತೋರಿಸುವವನು ದೊರೆತುದರಿಂದ ನಡೆಯುವ ಕೆಲಸವೇ ಇಲ್ಲವೆಂದು ಇನ್ನೊಬ್ಬನು ಭಾವಿಸುತ್ತಾನೆ. ಈ ಭೇದವನ್ನು ನಮ್ಮ ಹಿಂದಿನವರು ಎಷ್ಟು ಸ್ಪಷ್ಟವಾಗಿ ಕಂಡಿದ್ದರೆಂಬುದನ್ನು ಕೆಲವು ನಿದರ್ಶನಗಳಿಂದ ವಿಚಾರಮಾಡೋಣ.

ಛಾಂದೋಗ್ಯೋಪನಿಷತ್ತಿನಲ್ಲಿ ಶ್ವೇತಕೇತುವಿನ ಕಥೆ ಬರುತ್ತದೆ. ಆತನು 12 ವರ್ಷದ ಬಾಲಕನಾಗಿ ಗುರುಕುಲಕ್ಕೆ ಹೋಗಿ, ಸಕಲ ವೇದಗಳನ್ನೂ ಕಲಿತು, 24ನೆಯ ವಯಸ್ಸಿನಲ್ಲಿ ಮನೆಗೆ ಹಿಂದಿರುಗಿದನು. ವಿದ್ಯೆಯೊಡನೆ ಬಿಗುಮಾನವೂ ಬಂದಿದ್ದಿತು. ತಂದೆಯಾದ ಉದ್ದಾಲಕ ಆರುಣಿಯು ಇದನ್ನು ಗಮನಿಸಿ, ಯಾವುದೊಂದನ್ನು ತಿಳಿದರೆ ತಿಳಿಯದಿದ್ದುದೂ ತಿಳಿದಂತಾಗುವುದೋ ಅದನ್ನು ನಿನ್ನ ಗುರುಗಳಲ್ಲಿ ಕೇಳಿದೆಯಾ ಎಂದು ಪ್ರಶ್ನಿಸುತ್ತಾನೆ. ಮಗನಿಗೆ ಉತ್ತರ ತೋಚುವುದಿಲ್ಲ. 12 ವರ್ಷಗಳ ಪಾಂಡಿತ್ಯವು ಒಂದು ಪ್ರಶ್ನೆಯ ಮುಂದೆ ಮೌನವಾಗುತ್ತದೆ. ಅಲ್ಲಿಂದ ಮುಂದೆ ನಡೆಯುವುದು ಹೊಸ ಪಾಠ. ತಂದೆಯು ಆಲದ ಹಣ್ಣನ್ನು ತರಿಸಿ ಒಡೆಸುತ್ತಾನೆ. ಅದರೊಳಗಿನ ಸಣ್ಣ ಬೀಜವನ್ನೂ ಒಡೆಸಿ, ಅದರಲ್ಲಿ ಏನು ಕಾಣುತ್ತದೆಯೆಂದು ಕೇಳುತ್ತಾನೆ. ನೀರಿನಲ್ಲಿ ಉಪ್ಪನ್ನು ಕರಗಿಸಿ, ಮೇಲಿನಿಂದ, ನಡುವಿನಿಂದ, ತಳದಿಂದ ರುಚಿ ನೋಡಿಸುತ್ತಾನೆ. ಶ್ವೇತಕೇತುವಿಗೆ ಓದು ಕಡಮೆಯಾಗಿದ್ದಿಲ್ಲ. ಓದಿದುದನ್ನು ಅವನ ಕಣ್ಣೆದುರಿಗೆ, ನಾಲಗೆಯ ಮೇಲಕ್ಕೆ ತಂದುಕೊಡುವವರು ಬೇಕಾಗಿದ್ದರು.

ಈ ಪ್ರಸಂಗದಲ್ಲಿಯೇ ಉದ್ದಾಲಕನು ಒಂದು ದೃಷ್ಟಾಂತವನ್ನು ಹೇಳುತ್ತಾನೆ. ಗಾಂಧಾರದೇಶದವನೊಬ್ಬನನ್ನು ಯಾರೋ ಕಣ್ಣು ಕಟ್ಟಿ ಕರೆತಂದು ನಿರ್ಜನವಾದ ಪ್ರದೇಶದಲ್ಲಿ ಬಿಟ್ಟುಹೋಗುತ್ತಾರೆ. ಅವನು ದಿಕ್ಕು ದಿಕ್ಕಿಗೆ ತಿರುಗಿ ಕೂಗಿಕೊಳ್ಳುತ್ತಾನೆ. ಆ ಕೂಗನ್ನು ಕೇಳಿದವನೊಬ್ಬನು ಬಂದು ಕಣ್ಣಿನ ಕಟ್ಟನ್ನು ಬಿಚ್ಚಿ, ಗಾಂಧಾರವು ಈ ದಿಕ್ಕಿನಲ್ಲಿದೆ, ಹೀಗೆ ಹೋಗು ಎಂದು ತೋರಿಸುತ್ತಾನೆ. ತಿಳಿವಳಿಕೆಯುಳ್ಳ ಆ ಮನುಷ್ಯನು ಊರಿಂದೂರಿಗೆ ದಾರಿಯನ್ನು ವಿಚಾರಿಸುತ್ತ ನಡೆದು ಕೊನೆಗೆ ತನ್ನ ದೇಶವನ್ನು ಸೇರುತ್ತಾನೆ. ಗುರುವನ್ನು ಪಡೆದವನ ಸ್ಥಿತಿಯೂ ಹೀಗೆಯೇ ಎಂಬುದು ಅಲ್ಲಿಯ ತಾತ್ಪರ್ಯ.

ಈ ಸಣ್ಣ ದೃಷ್ಟಾಂತದಲ್ಲಿ ಗುರುಶಿಷ್ಯರ ಸಂಬಂಧದ ಮೇರೆಗಳೆಲ್ಲವೂ ಅಡಗಿವೆ. ಕಟ್ಟನ್ನು ಬಿಚ್ಚಿದವನು ದಾರಿಹೋಕನನ್ನು ಹೆಗಲ ಮೇಲೆ ಹೊತ್ತುಕೊಂಡು ಹೋಗಲಿಲ್ಲ. ತನ್ನ ಮನೆಯಲ್ಲಿಯೇ ಇದ್ದುಬಿಡೆಂದು ಹೇಳಲಿಲ್ಲ. ಅವನು ಮಾಡಿದ ಕೆಲಸಗಳು ಎರಡೇ: ಕಣ್ಣನ್ನು ತೆರೆಯಿಸಿದನು, ದಿಕ್ಕನ್ನು ತೋರಿಸಿದನು. ಆದರೆ ಆ ಎರಡು ಕೆಲಸಗಳನ್ನು ಮಾಡುವವನಿಲ್ಲದಿದ್ದರೆ ದಾರಿಹೋಕನ ಕಾಲುಗಳು ಎಷ್ಟು ಗಟ್ಟಿಯಾಗಿದ್ದರೂ ಪ್ರಯೋಜನವಿರಲಿಲ್ಲ. ಇನ್ನು ದಾರಿಹೋಕನ ಕಡೆಯಿಂದ ನೋಡಿದರೆ, ಆತನು ಮೊದಲು ಕೂಗಿಕೊಂಡನು, ಎಂದರೆ ತಾನು ದಿಕ್ಕುಗೆಟ್ಟಿರುವೆನೆಂಬುದನ್ನು ಬಲ್ಲವನಾಗಿದ್ದನು. ಆಮೇಲೆ ತನ್ನ ಬುದ್ಧಿಯನ್ನು ಉಪಯೋಗಿಸಿ ಊರೂರಿನಲ್ಲಿ ಕೇಳುತ್ತ ನಡೆದನು.

ಬುದ್ಧಿಯಿದ್ದವನಿಗೆ ತನ್ನ ಕಣ್ಣಿನ ಕಟ್ಟು ತನಗೇ ತಿಳಿಯಲಾರದೆ ಎಂದು ಇಲ್ಲಿ ಕೆಲವರು ಕೇಳಬಹುದು. ಮಿಕ್ಕ ವಿದ್ಯೆಗಳಿಗೂ ಈ ವಿದ್ಯೆಗೂ ಇರುವ ಮುಖ್ಯ ವ್ಯತ್ಯಾಸ ಈ ಪ್ರಶ್ನೆಯಲ್ಲಿಯೇ ಇದೆ. ಗಣಿತದಲ್ಲಿ ಲೆಕ್ಕ ತಪ್ಪಿದರೆ ತಾಳೆ ನೋಡಿದಾಗ ಗೊತ್ತಾಗುತ್ತದೆ. ಶ್ರುತಿ ತಪ್ಪಿದರೆ ಕಿವಿಯು ಹೇಳುತ್ತದೆ. ಆತ್ಮವಿಚಾರದಲ್ಲಾದರೋ ಪರೀಕ್ಷೆಗೆ ಗುರಿಯಾದ ಮನಸ್ಸೂ ಪರೀಕ್ಷೆಮಾಡುವ ಮನಸ್ಸೂ ಒಂದೇ. ಆ ಮನಸ್ಸಿಗೆ ತನಗೆ ಹಿತವಾದ ತೀರ್ಪನ್ನು ತಾನೇ ಕೊಟ್ಟುಕೊಳ್ಳುವ ಅಭ್ಯಾಸವುಂಟು.

ಅದೇ ಉಪನಿಷತ್ತಿನ ಮತ್ತೊಂದು ಕಥೆಯು ಇದನ್ನು ಬಹು ಚೆನ್ನಾಗಿ ತಿಳಿಸುತ್ತದೆ. ದೇವತೆಗಳ ಪ್ರತಿನಿಧಿಯಾಗಿ ಇಂದ್ರನೂ ಅಸುರರ ಪ್ರತಿನಿಧಿಯಾಗಿ ವಿರೋಚನನೂ ಆತ್ಮವನ್ನು ತಿಳಿಯಬೇಕೆಂದು ಪ್ರಜಾಪತಿಯ ಬಳಿಗೆ ಬಂದರು. ಇಬ್ಬರೂ 32 ವರ್ಷಗಳ ಕಾಲ ಬ್ರಹ್ಮಚರ್ಯದಿಂದಿದ್ದರು. ಪ್ರಜಾಪತಿಯು ಅವರಿಗೆ ನೀರಿನ ಪಾತ್ರೆಯಲ್ಲಿ ನೋಡಿಕೊಳ್ಳುವಂತೆ ಹೇಳಿದನು. ಚೆನ್ನಾಗಿ ಉಟ್ಟುತೊಟ್ಟು ಅಲಂಕರಿಸಿಕೊಂಡ ತಮ್ಮ ಪ್ರತಿಬಿಂಬವನ್ನು ಕಂಡು, ಇದೇ ಆತ್ಮವೆಂದು ಇಬ್ಬರೂ ತೃಪ್ತಿಯಿಂದ ಹೊರಟರು. ವಿರೋಚನನು ಹಿಂದಿರುಗಿ ನೋಡಲೇ ಇಲ್ಲ. ದೇಹವೇ ಆತ್ಮವೆಂದು ತನ್ನವರಿಗೆ ಉಪದೇಶಮಾಡಿದನು. ಇಂದ್ರನಿಗೆ ದಾರಿಯಲ್ಲಿ ಸಂಶಯ ಹುಟ್ಟಿತು. ದೇಹವು ಕುರುಡಾದರೆ ಈ ಆತ್ಮವೂ ಕುರುಡಾಗಬೇಕಲ್ಲವೆ? ದೇಹವು ನಾಶವಾದರೆ ಇದೂ ನಾಶವಾಗಬೇಕಲ್ಲವೆ? ಆತನು ಸಮಿತ್ತನ್ನು ಹಿಡಿದು ಮತ್ತೆ ಬಂದನು. ಹೀಗೆ ಮೂರಾವರ್ತಿ ಹಿಂದಿರುಗಿ, ಒಟ್ಟು 101 ವರ್ಷಗಳ ಕಾಲ ಪ್ರಜಾಪತಿಯ ಸನ್ನಿಧಿಯಲ್ಲಿದ್ದು ತತ್ತ್ವವನ್ನು ತಿಳಿದನು.

ಇಬ್ಬರಿಗೂ ದೊರೆತ ಗುರು ಒಬ್ಬನೇ. ಕೇಳಿದ ಪಾಠವೂ ಒಂದೇ. ಆದ ಕಾರಣ ಗುರುವು ದೊರೆತ ಮಾತ್ರಕ್ಕೆ ಎಲ್ಲವೂ ಆಯಿತೆಂದು ಹೇಳುವಂತಿಲ್ಲ. ವಿರೋಚನನಿಗೆ ಅರ್ಧ ಉತ್ತರವು ರುಚಿಸಿತು, ಅಲ್ಲಿಗೇ ನಿಂತನು. ಇಂದ್ರನ ಹಿರಿಮೆಯು ಆತನ ಅತೃಪ್ತಿಯಲ್ಲಿದೆ, ಆ ಅತೃಪ್ತಿಯನ್ನು ನಾಚಿಕೆಪಡದೆ ಗುರುವಿನ ಮುಂದೆ ತಂದಿಟ್ಟುದರಲ್ಲಿದೆ. ಹಾಗೆಯೇ ಪ್ರಜಾಪತಿಯ ಹಿರಿಮೆಯನ್ನೂ ಗಮನಿಸಬೇಕು. ಹಿಂದಿರುಗಿ ಬಂದ ಶಿಷ್ಯನನ್ನು ಆತನು ಗದರಿಸಲಿಲ್ಲ. ನಿನ್ನ ಸಂಶಯವು ಸರಿಯಾದುದೇ ಎಂದು ಒಪ್ಪಿಕೊಂಡು ಮುಂದಿನ ಪಾಠವನ್ನು ಹೇಳಿದನು. ಸಂಶಯಕ್ಕೆ ಸ್ಥಳವಿರುವ ಕಡೆ ಮಾತ್ರ ಶಿಷ್ಯನು ಹಿಂದಿರುಗಿ ಬರಬಲ್ಲನು.

ಸಾಧಕನು ಒಬ್ಬನೇ ಇರುವಾಗ ಎಲ್ಲಿ ಎಡವುತ್ತಾನೆಂಬುದನ್ನು ಶಾಸ್ತ್ರಕಾರರು ಲೆಕ್ಕಹಾಕಿ ಹೇಳಿದ್ದಾರೆ. ಸದಾನಂದನ 'ವೇದಾಂತಸಾರ'ದಲ್ಲಿ ಲಯ, ವಿಕ್ಷೇಪ, ಕಷಾಯ, ರಸಾಸ್ವಾದ ಎಂಬ ನಾಲ್ಕು ವಿಘ್ನಗಳು ಹೇಳಲ್ಪಟ್ಟಿವೆ. ಧ್ಯಾನಕ್ಕೆ ಕುಳಿತಾಗ ಮನಸ್ಸು ನಿದ್ದೆಗಿಳಿಯುವುದು ಲಯ. ಬೇರೆ ವಿಷಯಗಳ ಮೇಲೆ ಹಾರುವುದು ವಿಕ್ಷೇಪ. ಒಳಗೆ ಅವಿತಿರುವ ರಾಗಾದಿ ವಾಸನೆಗಳಿಂದ ಜಡವಾಗಿ ನಿಂತುಬಿಡುವುದು ಕಷಾಯ. ನಡುದಾರಿಯಲ್ಲಿ ದೊರೆತ ಆನಂದವನ್ನೇ ಸವಿಯುತ್ತ ಕುಳಿತುಬಿಡುವುದು ರಸಾಸ್ವಾದ. ಇವುಗಳಲ್ಲಿ ವಿಕ್ಷೇಪವೊಂದನ್ನು ನಾವು ಸುಲಭವಾಗಿ ಗುರುತಿಸಬಲ್ಲೆವು. ಮಿಕ್ಕ ಮೂರೂ ಶಾಂತಿಯ ವೇಷದಲ್ಲಿ ಬರುತ್ತವೆ. ತೂಕಡಿಕೆಯನ್ನು ಸಮಾಧಿಯೆಂದೂ, ಜಡತೆಯನ್ನು ವೈರಾಗ್ಯವೆಂದೂ, ಅಲ್ಪಸುಖವನ್ನು ಸಿದ್ಧಿಯೆಂದೂ ನಂಬಿ ವರ್ಷಗಳನ್ನು ಕಳೆಯುವುದು ಕಷ್ಟವೇನಲ್ಲ. ಆ ದಾರಿಯಲ್ಲಿ ಮುಂದೆ ಹೋದವನೊಬ್ಬನು ಮುಖವನ್ನು ನೋಡಿ, ಇದು ನಿದ್ದೆಯಪ್ಪಾ, ಎದ್ದೇಳು ಎಂದು ಒಂದು ಮಾತು ಹೇಳಿದರೆ ಆ ವರ್ಷಗಳು ಉಳಿಯುತ್ತವೆ.

ದುರ್ಮಾರ್ಗಿಗೆ ಗುರು ಬೇಕು, ಸನ್ಮಾರ್ಗದಲ್ಲಿರುವವನಿಗೇಕೆ ಎಂಬ ಮಾತನ್ನೂ ಕೇಳುತ್ತೇವೆ. ಈ ಮಾತಿಗೆ ಕನ್ನಡನಾಡಿನ ಒಂದು ಕಥೆಯೇ ಉತ್ತರವಾಗಿದೆ. 12ನೆಯ ಶತಮಾನದಲ್ಲಿ ಸೊನ್ನಲಿಗೆಯಲ್ಲಿ, ಎಂದರೆ ಇಂದಿನ ಸೊಲ್ಲಾಪುರದಲ್ಲಿ, ಸಿದ್ಧರಾಮನೆಂಬ ಶಿವಯೋಗಿಯಿದ್ದನು. ಕೆರೆಯನ್ನು ಕಟ್ಟಿಸುವುದು, ದೇಗುಲಗಳನ್ನು ಎತ್ತಿಸುವುದು ಮೊದಲಾದ ಲೋಕೋಪಕಾರದ ಕಾರ್ಯಗಳಲ್ಲಿ ಆತನು ಹಗಲಿರುಳೂ ತೊಡಗಿದ್ದನು. ಅಂಥವನ ಬಳಿಗೆ ಅಲ್ಲಮಪ್ರಭುವು ಬಂದ ಪ್ರಸಂಗವು 'ಶೂನ್ಯಸಂಪಾದನೆ'ಯಲ್ಲಿಯೂ ಚಾಮರಸನ 'ಪ್ರಭುಲಿಂಗಲೀಲೆ'ಯಲ್ಲಿಯೂ ವರ್ಣಿತವಾಗಿದೆ. ಅಲ್ಲಮನು ಕೆರೆಯ ಕೆಲಸದವರ ಮುಂದೆ ಸಿದ್ಧರಾಮನನ್ನು ಬರಿಯ ಮಣ್ಣುಕೆಲಸದವನೆಂಬಂತೆ ಹಗುರವಾಗಿ ಆಡಿದನು. ಕೇಳಿದವರು ಸಿಟ್ಟಾಗಿ ಕಲ್ಲೆಸೆದರು. ಸುದ್ದಿ ತಿಳಿದ ಸಿದ್ಧರಾಮನೂ ಕೋಪಗೊಂಡು ಬಂದನು.

ಆ ಕೋಪವನ್ನು ಹೊರಗೆ ತರುವುದೇ ಅಲ್ಲಮನ ಉದ್ದೇಶವಾಗಿತ್ತೆಂದು ನಮಗೆ ತೋರುತ್ತದೆ. ಕೆರೆಯ ನೀರು ಊರಿಗೆ ಒಳ್ಳೆಯದೇ. ಆದರೆ ಕಟ್ಟಿಸಿದವನು ನಾನೆಂಬ ಭಾವವು ಕಟ್ಟೆಯ ಕಲ್ಲಿಗಿಂತ ಗಟ್ಟಿಯಾಗಿ ಒಳಗೆ ಕೂತಿದ್ದರೆ ಅದನ್ನು ತೋರಿಸಿಕೊಡುವವರು ಯಾರು? ಹೊಗಳುವ ಊರಿನವರು ತೋರಿಸಲಾರರು. ಪುಣ್ಯಕಾರ್ಯವನ್ನೇ ಮಾಡುತ್ತಿರುವ ಆತನ ಮನಸ್ಸಿಗೂ ಅದು ಕಾಣುವಂತಿಲ್ಲ. ಕೆಟ್ಟುದರ ಮೇಲಣ ಮೋಹವನ್ನು ಬಿಡುವುದಕ್ಕಿಂತ ಒಳ್ಳೆಯದರ ಮೇಲಣ ಮೋಹವನ್ನು ಬಿಡುವುದು ಕಷ್ಟ. ವಾದವು ಮುಗಿದು, ಕಣ್ಣು ತೆರೆದು, ಸಿದ್ಧರಾಮನು ಅಲ್ಲಮನೊಡನೆ ಕಲ್ಯಾಣಕ್ಕೆ ಹೊರಟನು. ಅಲ್ಲಿ ವಯಸ್ಸಿನಲ್ಲಿ ಕಿರಿಯನಾದ ಚನ್ನಬಸವಣ್ಣನಿಂದ ದೀಕ್ಷೆಯನ್ನು ಪಡೆದನು. ಅನೇಕರಿಗೆ ಗುರುವಾಗಿದ್ದವನು ಕಿರಿಯನೊಬ್ಬನ ಮುಂದೆ ಶಿಷ್ಯನಾಗಿ ಕುಳಿತುಕೊಂಡುದೇ ಆತನ ಕಟ್ಟು ಬಿಚ್ಚಿತೆಂಬುದಕ್ಕೆ ಸಾಕ್ಷಿ.

ಗುರುವಿಗೆ ಒಪ್ಪಿಸಿಕೊಂಡರೆ ನಮ್ಮತನವು ಅಳಿದು ಆತನ ಅಚ್ಚಿನಲ್ಲಿ ಎರಕ ಹೊಯ್ದ ಬೊಂಬೆಗಳಾಗಿಬಿಡುವೆವೆಂಬ ಅಂಜಿಕೆ ಕೆಲವರಿಗುಂಟು. ಅಂಥವರು ಇಂದಿನ ಹಾವೇರಿ ಜಿಲ್ಲೆಯಲ್ಲಿರುವ ಶಿಶುನಾಳದ ಷರೀಫಸಾಹೇಬರನ್ನು ನೆನೆಯಬೇಕು. 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡ ಇವರು ಮುಸಲ್ಮಾನರು. ಇವರ ಗುರುಗಳಾದ ಕಳಸದ ಗೋವಿಂದಭಟ್ಟರು ಬ್ರಾಹ್ಮಣರು. ನಿಮ್ಮಪ್ಪ ಯಾರೆಂದು ಭಟ್ಟರು ಕೇಳಿದರೆಂದೂ, ನಿಮಗೆ ಯಾರು ತಂದೆಯೋ ನಮಗೂ ಅವನೇ ಎಂದು ಹುಡುಗನು ಉತ್ತರಕೊಟ್ಟನೆಂದೂ ಆ ಸೀಮೆಯ ಜನ ಕಥೆ ಹೇಳುತ್ತಾರೆ. ಎರಡು ಕಡೆಯವರೂ ಮುಖ ಗಂಟಿಕ್ಕಿದರೂ ಆ ನಂಟು ಬಿಡಲಿಲ್ಲ. ಆದರೆ ಗೋವಿಂದಭಟ್ಟರು ಶಿಷ್ಯನನ್ನು ಮತ್ತೊಬ್ಬ ಗೋವಿಂದಭಟ್ಟನನ್ನಾಗಿ ಮಾಡಹೋಗಲಿಲ್ಲ. ಷರೀಫರು ಮೊಹರಮ್ಮಿನ ಕುಣಿತದ ಪದಗಳನ್ನೂ ಕಟ್ಟಿದರು, ಅದ್ವೈತದ ತತ್ತ್ವಪದಗಳನ್ನೂ ಹಾಡಿದರು. ಸೋರುವ ಮಾಳಿಗೆ, ಸಂತೆ ಬೀದಿ, ಕೋಡಗವನ್ನು ನುಂಗುವ ಕೋಳಿ, ಹೀಗೆ ತಮ್ಮ ಸುತ್ತಲಿನ ಬಾಳಿನಿಂದಲೇ ವಸ್ತುಗಳನ್ನೆತ್ತಿಕೊಂಡು, ಯಾರದೂ ಅಲ್ಲದ ತಮ್ಮದೇ ದನಿಯಲ್ಲಿ ಹಾಡಿದರು. ಆ ಹಾಡುಗಳಲ್ಲಿ ಗುರು ಗೋವಿಂದನ ಹೆಸರು ಮತ್ತೆ ಮತ್ತೆ ಬರುತ್ತದೆ. ದನಿ ಮಾತ್ರ ಷರೀಫರದೇ. ಗುರುವಿನಿಂದ ಶಿಷ್ಯನ ತನ್ನತನವು ಅಳಿಯಲಿಲ್ಲ, ತೆರೆದುಕೊಂಡಿತು.

ಗುರುವನ್ನು ನಂಬುವ ಮುನ್ನ ಪರೀಕ್ಷಿಸಬಹುದೇ ಎಂಬ ಪ್ರಶ್ನೆ ಇನ್ನುಳಿದಿದೆ. ಪರೀಕ್ಷಿಸಲೇಬೇಕೆಂಬುದಕ್ಕೆ ಶ್ರೀರಾಮಕೃಷ್ಣ ಪರಮಹಂಸರೇ ಆಧಾರ. 1881ರಲ್ಲಿ ಅವರನ್ನು ಮೊದಲು ಕಂಡ ನರೇಂದ್ರನು ಕಾಲೇಜಿನ ವಿದ್ಯಾರ್ಥಿ, ಪಾಶ್ಚಾತ್ಯ ತರ್ಕವನ್ನೋದಿದವನು, ಯಾರ ಮಾತನ್ನೂ ಸುಮ್ಮನೆ ಒಪ್ಪತಕ್ಕವನಲ್ಲ. ಹಣವನ್ನು ಮುಟ್ಟಿದರೆ ಪರಮಹಂಸರಿಗೆ ನೋವಾಗುತ್ತದೆಂಬುದು ನಿಜವೇ ಎಂದು ನೋಡುವುದಕ್ಕಾಗಿ ಆತನು ಅವರಿಲ್ಲದಾಗ ಹಾಸಿಗೆಯ ಕೆಳಗೆ ಒಂದು ರೂಪಾಯಿಯನ್ನು ಬಚ್ಚಿಟ್ಟನು. ಅವರು ಬಂದು ಕುಳಿತವರು ಚೇಳು ಕುಟುಕಿದಂತೆ ಎದ್ದರು. ಕಾರಣವು ತಿಳಿದಾಗ ಅವರು ಕೋಪಿಸಿಕೊಳ್ಳಲಿಲ್ಲ. ಹಣದ ವ್ಯಾಪಾರಿಯು ನಾಣ್ಯವನ್ನು ಬಡಿದು ನೋಡುವಂತೆ ಗುರುವನ್ನು ಪರೀಕ್ಷಿಸಿಯೇ ಒಪ್ಪಬೇಕೆಂಬುದು ಅವರ ಅಭಿಪ್ರಾಯವಾಗಿತ್ತು.

ಅದೇ ನರೇಂದ್ರನು ಮುಂದೆ, ಗುರುಗಳ ಕಾಯಿಲೆಯ ಕಾಲದಲ್ಲಿ, ತನಗೆ ಸದಾ ಸಮಾಧಿಯಲ್ಲಿ ಮುಳುಗಿರುವ ಸ್ಥಿತಿ ಬೇಕೆಂದು ಬೇಡಿದಾಗ ಅವರು ಮೆಚ್ಚಲಿಲ್ಲ. ಅನೇಕರಿಗೆ ನೆರಳಾಗುವ ಆಲದ ಮರವಾಗಬೇಕಾದವನು ತನ್ನೊಬ್ಬನ ಮುಕ್ತಿಯನ್ನು ಬಯಸುವುದೇ ಎಂದು ನಾಚಿಕೆಯಾಗುವಂತೆ ಆಕ್ಷೇಪಿಸಿದರು. 1886ರ ಆಗಸ್ಟ್ 16ರಂದು ಗುರುಗಳು ತೀರಿಕೊಂಡರು. ಶಿಷ್ಯನು ಊರಿಂದೂರಿಗೆ ಪರಿವ್ರಾಜಕನಾಗಿ ನಡೆದು, 1892ರಲ್ಲಿ ಮೈಸೂರಿಗೂ ಬಂದು ಚಾಮರಾಜೇಂದ್ರ ಒಡೆಯರ ಅತಿಥಿಯಾಗಿದ್ದು, ಮುಂದಿನ ವರ್ಷ ಷಿಕಾಗೋ ನಗರದಲ್ಲಿ ವಿವೇಕಾನಂದನೆಂದು ಲೋಕಪ್ರಸಿದ್ಧನಾದನು. ಗುರುಗಳ ಸಹವಾಸವು ದೊರೆತದ್ದು ಐದು ವರ್ಷಕ್ಕೂ ಕಡಮೆ. ಅವರು ತೋರಿಸಿದ ದಿಕ್ಕು ಬಾಳೆಲ್ಲಕ್ಕೂ ಸಾಕಾಯಿತು.

ಆದರೆ ಎಲ್ಲರೂ ಪರಮಹಂಸರಲ್ಲ. ಕಣ್ಣಿನ ಕಟ್ಟನ್ನು ಬಿಚ್ಚುವೆನೆಂದು ಬಂದು ಅದರ ಮೇಲೆ ಮತ್ತೊಂದನ್ನು ಕಟ್ಟುವವರು ಎಲ್ಲ ಕಾಲದಲ್ಲಿಯೂ ಇದ್ದಾರೆ. ಮಗನನ್ನು ಕಳೆದುಕೊಂಡ ತಾಯಿ, ವ್ಯಾಪಾರದಲ್ಲಿ ಮುಳುಗಿದ ಗೃಹಸ್ಥ, ದಾರಿ ತೋಚದ ತರುಣ, ಇವರೇ ಅಂಥವರ ಬಾಗಿಲಿಗೆ ಮೊದಲು ಹೋಗತಕ್ಕವರು. ಕತ್ತಲೆಯಲ್ಲಿ ಕೂಗಿಕೊಳ್ಳುವವನಿಗೆ ಬಂದ ಕೈ ಯಾವುದೆಂದು ನೋಡುವ ವ್ಯವಧಾನವಿರುವುದಿಲ್ಲ. ಇದರಿಂದ ಮನೆಗಳು ಹಾಳಾದುದುಂಟು. ಹಣಕ್ಕಿಂತ ಹೆಚ್ಚಾಗಿ, ಒಳ್ಳೆಯವರಲ್ಲಿಯೂ ನಂಬಿಕೆಯಿಡಲಾರದಂತೆ ಮನಸ್ಸು ಒಡೆದುಹೋದುದುಂಟು. ಆದುದರಿಂದ ನಿಷ್ಕರ್ಷೆಯ ಕೆಲವು ಒರೆಗಲ್ಲುಗಳನ್ನು ಕೈಯಲ್ಲಿಟ್ಟುಕೊಂಡಿರುವುದು ಲೇಸು.

ಮೊದಲನೆಯದು, ನಮ್ಮ ಪ್ರಶ್ನೆಯನ್ನು ಆತನು ಹೇಗೆ ಸ್ವೀಕರಿಸುತ್ತಾನೆ? ಪ್ರಜಾಪತಿಯಂತೆ ಸಂಶಯವನ್ನು ಗೌರವಿಸುವವನಾದರೆ ಮುಂದುವರಿಯಬಹುದು. ಕೇಳುವುದೇ ಅಪರಾಧವೆಂದರೆ ಅಲ್ಲಿಂದ ಎದ್ದುಬರುವುದು ಕ್ಷೇಮ. ಎರಡನೆಯದು, ಹಣ, ಮಾನ, ಅಧಿಕಾರಗಳು ಎದುರಾದಾಗ ಆತನ ನಡತೆ ಹೇಗಿರುತ್ತದೆ? ಸಭೆಯಲ್ಲಿ ಆಡುವ ಮಾತಿಗಿಂತ, ಸಭೆ ಮುಗಿದ ಮೇಲೆ ಅಡುಗೆಯವನೊಡನೆ, ಬಡವನೊಡನೆ ಆಡುವ ಮಾತು ಹೆಚ್ಚು ಸತ್ಯವನ್ನು ಹೇಳುತ್ತದೆ. ಮೂರನೆಯದು, ದಿನ ಕಳೆದಂತೆ ನಮ್ಮ ಕಾಲಿನಲ್ಲಿ ಬಲ ಬರುತ್ತಿದೆಯೇ, ಅಥವಾ ಅವನಿಲ್ಲದೆ ಹೆಜ್ಜೆಯಿಡಲಾರದ ಸ್ಥಿತಿಗೆ ಬರುತ್ತಿದ್ದೇವೆಯೇ? ನಾಲ್ಕನೆಯದನ್ನು ನಮ್ಮ ಮನೆಯವರನ್ನೇ ಕೇಳಬೇಕು. ಉಪದೇಶ ಪಡೆದ ಬಳಿಕ ನಮ್ಮ ಸಿಟ್ಟು ಕಡಮೆಯಾಗಿದೆಯೇ, ಮಾತು ಮೃದುವಾಗಿದೆಯೇ ಎಂಬುದನ್ನು ಹೆಂಡತಿ ಮಕ್ಕಳಷ್ಟು ಸರಿಯಾಗಿ ಬಲ್ಲವರಿಲ್ಲ.

ಗುರುವೇ ಇಲ್ಲದೆ ಸಿದ್ಧಿ ಪಡೆದವರಿಲ್ಲವೆ? ರಮಣಮಹರ್ಷಿಗಳು 1896ರಲ್ಲಿ, ಇನ್ನೂ 16ರ ಹರೆಯದ ವಿದ್ಯಾರ್ಥಿಯಾಗಿದ್ದಾಗ, ಮಧುರೆಯ ಮನೆಯೊಂದರಲ್ಲಿ ಯಾವ ಮಾನವಗುರುವಿನ ಉಪದೇಶವೂ ಇಲ್ಲದೆ ಆತ್ಮಾನುಭವವನ್ನು ಪಡೆದರು, ಇದು ನಿಜ. ಆದರೆ ಅವರು ಅರುಣಾಚಲವನ್ನೇ ತಮ್ಮ ಗುರುವೆಂದು ಭಾವಿಸಿದರು. ಭಾಗವತದ ಏಕಾದಶ ಸ್ಕಂಧದಲ್ಲಿ ಬರುವ ಅವಧೂತನೂ ತನಗೆ ಗುರುವಿಲ್ಲವೆನ್ನಲಿಲ್ಲ. 24 ಮಂದಿ ಗುರುಗಳಿರುವರೆಂದು ಲೆಕ್ಕಕೊಟ್ಟನು. ಭೂಮಿ, ಗಾಳಿ, ಜೇನುನೊಣ, ಬಾಣವನ್ನು ಮಾಡುವುದರಲ್ಲಿ ಮಗ್ನನಾಗಿದ್ದ ಕುಶಲಿ, ಬತ್ತ ಕುಟ್ಟುವಾಗ ಸದ್ದು ಮಾಡಿದ ಬಳೆಗಳನ್ನು ತೆಗೆದು ಒಂದೊಂದನ್ನೇ ಉಳಿಸಿಕೊಂಡ ಕನ್ಯೆ, ಇವರೆಲ್ಲರೂ ಆ ಪಟ್ಟಿಯಲ್ಲಿದ್ದಾರೆ. ಕಲಿಯಬಲ್ಲವನಿಗೆ ಬಳೆಯ ಸದ್ದೂ ಪಾಠವಾಗುತ್ತದೆ. ಅಂಥ ಪಕ್ವತೆಯಿಲ್ಲದ ನಮ್ಮಂಥವರಿಗೆ ಮಾತನಾಡುವ ಗುರುವೊಬ್ಬನು ಬೇಕು.

ಶ್ರೋತೃಗಳೆ, ಅಲ್ಲಮನೋ ಪರಮಹಂಸರೋ ನಮ್ಮ ಬಾಗಿಲಿಗೆ ಬರುವವರೆಗೆ ಕೈಕಟ್ಟಿ ಕುಳಿತಿರಬೇಕೆಂದು ಇದರ ಅರ್ಥವಲ್ಲ. ಗಾಂಧಾರದ ದಾರಿಹೋಕನು ಕಟ್ಟು ಬಿಚ್ಚಿದವನೊಬ್ಬನಿಂದಲೇ ದೇಶವನ್ನು ಸೇರಲಿಲ್ಲ. ಪ್ರತಿಯೊಂದು ಊರಿನಲ್ಲಿಯೂ ಯಾರೋ ಒಬ್ಬರು ಮುಂದಿನ ಊರಿನ ದಾರಿಯನ್ನು ಹೇಳಿದರು. ಅವರಲ್ಲಿ ಯಾರೂ ಗಾಂಧಾರವನ್ನು ನೋಡಿರಬೇಕಾದ ಅಗತ್ಯವೂ ಇರಲಿಲ್ಲ. ನಮ್ಮ ನಮ್ಮ ಬೀದಿಯಲ್ಲಿಯೇ, ಬಂಧುಗಳಲ್ಲಿಯೇ, ಸ್ನೇಹಿತರಲ್ಲಿಯೇ ನಮಗಿಂತ ಒಂದು ಊರು ಮುಂದೆ ಹೋದವರು ಇದ್ದೇ ಇರುತ್ತಾರೆ. ದುಃಖವನ್ನು ನುಂಗಿ ಶಾಂತಳಾಗಿರುವ ಒಬ್ಬ ಅಜ್ಜಿ, ಲಾಭವನ್ನು ಬಿಟ್ಟು ಮಾತನ್ನು ಉಳಿಸಿಕೊಂಡ ಒಬ್ಬ ವರ್ತಕ, ಹೊಗಳಿಕೆಗೆ ಉಬ್ಬದ ಒಬ್ಬ ಮೇಷ್ಟರು, ಇವರನ್ನು ಕಂಡಾಗ ನಿಂತು ವಿಚಾರಿಸುವ ವಿನಯವು ನಮ್ಮಲ್ಲಿರಬೇಕು. ಮುಂದೆ ಎಂದಾದರೂ ನಮ್ಮ ಹಿಂದಿನ ಊರಿನವನೊಬ್ಬನು ಬಂದು ನಮ್ಮನ್ನು ಕೇಳಿದರೆ, ನಾವು ಬಲ್ಲಷ್ಟು ದಾರಿಯನ್ನು ಹೇಳಿ, ಅಲ್ಲಿಂದಾಚೆಗೆ ಬಲ್ಲವರನ್ನು ಕೇಳಪ್ಪಾ ಎಂದು ಕಳುಹಿಸಿಕೊಡುವ ಪ್ರಾಮಾಣಿಕತೆಯೂ ಇರಬೇಕು.